ಮೈ ಇಳಿಯುತ್ತಿಲ್ಲವೇ? ಮನಸ್ಸಿನ ಭಾರವನ್ನೂ ಸ್ವಲ್ಪ ನೋಡಿ



ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ಮಾತು ಹೊಸಪೇಟೆಯಲ್ಲೂ ಕಂಪ್ಲಿಯಲ್ಲೂ ಒಂದೇ ರೀತಿ ಕೇಳಿಬರುತ್ತದೆ. "ತಿನ್ನೋದು ಎರಡೇ ರೊಟ್ಟಿ ಸಿಸ್ಟರ್, ರಾತ್ರಿ ಊಟಾನೂ ಬಿಟ್ಟೀನಿ, ಆದ್ರೂ ಮೈ ಇಳೀವಲ್ದು." ಪಕ್ಕದವರು "ಕದ್ದು ತಿಂತಾಳ್ರಿ" ಎಂದು ನಗುತ್ತಾರೆ. ಹಾಗೆ ನಗುವುದು ಸರಿಯಲ್ಲ. ತೂಕ ಏರುವುದರಲ್ಲಿ, ಇಳಿಯದೇ ಇರುವುದರಲ್ಲಿ ಊಟದ ಜೊತೆಗೆ ಚಿಂತೆಗೂ ನಿದ್ದೆಗೂ ಪಾಲಿದೆ.

ನಮ್ಮ ಎರಡೂ ಕಿಡ್ನಿಗಳ ಮೇಲೆ ಟೋಪಿ ಇಟ್ಟಂತೆ ಒಂದೊಂದು ಚಿಕ್ಕ ಗ್ರಂಥಿ ಇದೆ. ಇದರಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಬೆಳಗ್ಗೆ ಇದು ಹೆಚ್ಚಿರುತ್ತದೆ, ಮಲಗುವ ಹೊತ್ತಿಗೆ ಕಡಿಮೆಯಾಗುತ್ತದೆ. ಗದ್ದೆಯಲ್ಲಿ ಹಾವು ಕಂಡರೆ ಮತ್ತೆ ಏರುತ್ತದೆ, ಏಕೆಂದರೆ ಆಪತ್ತಿನಲ್ಲಿ ದೇಹಕ್ಕೆ ಸಕ್ಕರೆಯ ಶಕ್ತಿ ಬೇಕು. ಹಾವು ಹೋದ ಮೇಲೆ ಇದೂ ಇಳಿಯುತ್ತದೆ. ಆದರೆ ಮೈಕ್ರೋಫೈನಾನ್ಸ್ ಕಂತು, ಕುಡಿದು ಬರುವ ಗಂಡ, ಮದುವೆಗೆ ನಿಂತ ಮಗಳು, ಇವೆಲ್ಲ ಹಾವಿನಂತೆ ಸರಿದು ಹೋಗುವುದಿಲ್ಲವಲ್ಲ! 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಸಂಡೂರಿನಲ್ಲಿ ಗಣಿ ಕೂಲಿಯನ್ನೇ ನಂಬಿದ್ದ ಮನೆಗಳನ್ನು, ಅದೇ ವರ್ಷ ಹಂಪಿ ಬಜಾರಿನಿಂದ ಎಬ್ಬಿಸಲಾದ ಕುಟುಂಬಗಳನ್ನು ನೆನೆಯಿರಿ. ಅಂಥ ಚಿಂತೆ ತಿಂಗಳುಗಟ್ಟಲೆ ಕೂರುತ್ತದೆ.

ಹೀಗೆ ಕಾರ್ಟಿಸಾಲ್ ಬಹುಕಾಲ ಹೆಚ್ಚಾಗಿಯೇ ಇದ್ದರೆ ಹಸಿವು ಹೆಚ್ಚುತ್ತದೆ. ಅದು ರೊಟ್ಟಿ-ಪಲ್ಯದ ಹಸಿವಲ್ಲ. ಮನಸ್ಸು ಬೇಡುವುದು ಮಿರ್ಚಿ, ಸಿಹಿ, ಸಕ್ಕರೆ ಜಾಸ್ತಿ ಹಾಕಿದ ಚಹಾ. ಕೊಬ್ಬು ಹೊಟ್ಟೆಯ ಭಾಗದಲ್ಲಿ ಶೇಖರವಾಗುತ್ತದೆ, ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಮರುದಿನ ಇನ್ನೂ ಹಸಿವು.

ಇದನ್ನು ನೀವು ಕಣ್ಣಾರೆ ಕಂಡಿರುತ್ತೀರಿ. ಮೊಣಕಾಲು ನೋವಿಗೆಂದು ಓದಿಲ್ಲದ ಡಾಕ್ಟರರ ಹತ್ತಿರ ಸ್ಟಿರಾಯ್ಡ್ ಗುಳಿಗೆ ತಿಂಗಳುಗಟ್ಟಲೆ ತಿಂದವರ ಮುಖ ದುಂಡಗಾಗಿ ಊದಿಕೊಳ್ಳುತ್ತದೆ, ಹೊಟ್ಟೆ ಬರುತ್ತದೆ. ಆ ಗುಳಿಗೆ ಕಾರ್ಟಿಸಾಲ್ ಜಾತಿಗೇ ಸೇರಿದ್ದು. ಅಂಥ ಗುಳಿಗೆಯನ್ನು ಬಹಳ ದಿನ ತಿಂದವರು ಒಮ್ಮೆಲೇ ನಿಲ್ಲಿಸಿದರೂ ಅಪಾಯ. ಸರಿಯಾದ ವೈದ್ಯರಿಗೆ ತೋರಿಸಿ, ಹಂತಹಂತವಾಗಿ ಬಿಡಬೇಕು.

ಇನ್ನು ಖಿನ್ನತೆ. ಎರಡು ವಾರಕ್ಕೂ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿ ಇಲ್ಲ, ಸುಮ್ಮಸುಮ್ಮನೆ ಅಳು, ಮೈಯೆಲ್ಲಾ ಸುಸ್ತು, ನಸುಕಿನಲ್ಲೇ ಎಚ್ಚರ, "ನಾನ್ಯಾಕ್ ಬದುಕಿರಬೇಕು" ಎಂಬ ಯೋಚನೆ, ಇವು ಅದರ ಗುರುತುಗಳು. ಇದು ಸೋಮಾರಿತನವಲ್ಲ, ಗಾಳಿ ಸೋಕಿದ್ದೂ ಅಲ್ಲ. ದಪ್ಪಗಿರುವುದಕ್ಕೂ ಇದಕ್ಕೂ ಎರಡೂ ಕಡೆಯಿಂದ ನಂಟು. 2010ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಬೊಜ್ಜು ಇರುವವರಿಗೆ ಮುಂದೆ ಖಿನ್ನತೆ ಬರುವ ಸಂಭವ ಬೇರೆಯವರಿಗಿಂತ ಶೇಕಡಾ 55ರಷ್ಟು ಹೆಚ್ಚು, ಖಿನ್ನತೆ ಇರುವವರಿಗೆ ಬೊಜ್ಜು ಬರುವ ಸಂಭವ ಶೇಕಡಾ 58ರಷ್ಟು ಹೆಚ್ಚು ಎಂದು ಕಂಡುಬಂತು. ಅಂಗಳದಲ್ಲಿ "ಡ್ರಮ್ಮು" ಎಂದು ಕರೆಸಿಕೊಂಡ ಹೆಂಗಸು ಮನೆಯೊಳಗೇ ಉಳಿಯುತ್ತಾಳೆ, ನಡೆಯುವುದು ನಿಲ್ಲುತ್ತದೆ, ತೂಕ ಮತ್ತೆ ಏರುತ್ತದೆ.

ಕೆಲವರಿಗೆ ಇದರ ಉಲ್ಟಾ ಆಗುತ್ತದೆ, ಊಟವೇ ಸೇರುವುದಿಲ್ಲ. ದಪ್ಪಗಿದ್ದವಳು ಎರಡು ತಿಂಗಳಲ್ಲಿ ಸೊರಗಿದರೆ ನಾವೇ "ಭಾಳ ಚಲೋ ಕಾಣ್ತೀಯವ್ವ" ಎಂದು ಹೊಗಳುತ್ತೇವೆ. ಪ್ರಯತ್ನಪಡದೆ ತೂಕ ಇಳಿದಿದ್ದರೆ ಹೊಗಳಬೇಡಿ, ವಿಚಾರಿಸಿ. ಸಕ್ಕರೆ ಕಾಯಿಲೆ, ಕ್ಷಯವೂ ಇರಬಹುದು, ಮನೋವ್ಯಥೆಯೂ ಇರಬಹುದು.

ಹಾಗಾದರೆ ಹೊಟ್ಟೆ ಕಟ್ಟಿದರೆ ಸಾಕೇ? ಅಮೆರಿಕದಲ್ಲಿ 121 ಮಹಿಳೆಯರ ಮೇಲೆ ಮೂರು ವಾರ ನಡೆದ ಒಂದು ಪ್ರಯೋಗದಲ್ಲಿ, ದಿನಕ್ಕೆ 1200 ಕ್ಯಾಲೊರಿಯಷ್ಟೇ ತಿಂದವರ ಕಾರ್ಟಿಸಾಲ್ ಏರಿತ್ತು. ಅಂದರೆ ಹಸಿದಿರುವುದೂ ದೇಹಕ್ಕೆ ಒಂದು ಚಿಂತೆಯೇ. ದೇವರಿಗಾಗಿ ಮಾಡುವ ಉಪವಾಸದ ಮಾತು ಬೇರೆ, ಅದು ತಪಸ್ಸು ಕಾಲವಿರಲಿ, ಶ್ರಾವಣವಿರಲಿ, ರಂಜಾನ್ ಇರಲಿ. ತೂಕಕ್ಕೆಂದು ಹಟ ಹಿಡಿದು ಹಸಿದವರು ಸಾಮಾನ್ಯವಾಗಿ ನಾಲ್ಕನೇ ದಿನ ಎರಡರಷ್ಟು ತಿನ್ನುತ್ತಾರೆ, ಆಮೇಲೆ ತಮ್ಮನ್ನೇ ಬೈದುಕೊಳ್ಳುತ್ತಾರೆ.

ನಿಧಾನವೇ ಒಳ್ಳೆಯದು. 70 ಕಿಲೋ ಇರುವವರು ಮೂರೂವರೆ ಕಿಲೋ ಇಳಿಸಿದರೂ ಬಿಪಿ, ಶುಗರ್‌ಗೆ ಉಪಕಾರವಾಗುತ್ತದೆ. ಸೊಂಟದ ಸುತ್ತಳತೆಯನ್ನು ಟೇಪಿನಲ್ಲಿ ನೋಡಿಕೊಳ್ಳಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ಕಾಲುವೆ ನೀರು ಬಂದ ಮೇಲೆ ತಟ್ಟೆಯಲ್ಲಿ ಅನ್ನದ ಗುಡ್ಡೆ ದೊಡ್ಡದಾಗಿದೆ. ಅದನ್ನು ಅರ್ಧ ಮಾಡಿ, ಜೋಳದ ರೊಟ್ಟಿ, ಕಾಳು, ಸೊಪ್ಪು ಇಟ್ಟುಕೊಳ್ಳಿ. ದಿನಕ್ಕೆ ಅರ್ಧ ಗಂಟೆ ಇಬ್ಬರು ಮೂವರು ಸೇರಿ ಬಿರುಸಾಗಿ ನಡೆಯಿರಿ. ನಡಿಗೆ ಖಿನ್ನತೆಯನ್ನೂ ಕಡಿಮೆ ಮಾಡುತ್ತದೆ, ಜೊತೆಗಾರ್ತಿಯ ಹತ್ತಿರ ಎರಡು ಮಾತೂ ಆಗುತ್ತದೆ. ರಾತ್ರಿ ಹನ್ನೊಂದರ ಸೀರಿಯಲ್ಲು, ಚಹಾ ಎರಡನ್ನೂ ಬಿಟ್ಟು ಏಳು ಗಂಟೆ ನಿದ್ದೆ ಮಾಡಿ. ಸುಸ್ತು, ತೂಕ, ಬೇಸರ ಮೂರೂ ಸೇರಿದ್ದರೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ.

ಮನಸ್ಸಿನ ಕಾಯಿಲೆಗೆ ಆಸ್ಪತ್ರೆಗೆ ಹೋಗಲು ನಾಚಿಕೆಪಡುವವರಿಗೆ ಒಂದು ವಿಷಯ ಹೇಳಬೇಕು. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಯ ಚಿಕಿತ್ಸೆಯಲ್ಲಿ ತರಬೇತಿ ಕೊಟ್ಟಿತು. ಆಗ ಹೊಸಪೇಟೆಯೂ ಇದೇ ಜಿಲ್ಲೆಯಲ್ಲಿತ್ತು, ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. ಈ 'ಬಳ್ಳಾರಿ ಮಾದರಿ'ಯನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ದೇಶಕ್ಕೇ ದಾರಿ ತೋರಿಸಿದ ಊರಿನವರು ನಾವೇ ಹಿಂಜರಿದರೆ ಹೇಗೆ? ಪ್ರಾರ್ಥನೆ ಮಾಡಿ, ಹರಕೆ ಹೊರಿ, ಜೊತೆಗೆ ಔಷಧಿಯನ್ನೂ ತೆಗೆದುಕೊಳ್ಳಿ.

ಖಿನ್ನತೆಯ ಕೆಲವು ಗುಳಿಗೆಗಳಿಂದ ತೂಕ ಏರುವುದುಂಟು. ಹಾಗಾದರೆ ನೀವಾಗಿಯೇ ನಿಲ್ಲಿಸದೆ ವೈದ್ಯರಿಗೆ ಹೇಳಿ, ಬೇರೆ ಗುಳಿಗೆ ಇದೆ. ಸಂಘದಲ್ಲಿ ಯಾರಾದರೂ ಸಾಯುವ ಮಾತಾಡಿದರೆ ಒಬ್ಬಳನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.