ಗೋಡೆಯ ಬಿರುಕು, ಕೂತ ನೆಲ ಮತ್ತು ಮನೆಯ ವಿಮೆ



ಮಳೆಗಾಲ ಮುಗಿದು ಗೋಡೆ ಒಣಗುವ ಹೊತ್ತಿಗೆ ಅನೇಕರ ಮನೆಯಲ್ಲಿ ಹೊಸ ಬಿರುಕು ಕಾಣಿಸಿಕೊಳ್ಳುತ್ತದೆ. ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಗೆರೆ ಎಳೆದಂತಾಗುತ್ತದೆ. "ಪಾಯ ಕೂತಿದೆ" ಎಂದು ಮೇಸ್ತ್ರಿ ಹೇಳುತ್ತಾನೆ. ಆಗ ನಮ್ಮ ತಲೆಗೆ ಬರುವ ಪ್ರಶ್ನೆ: ಮನೆಗೆ ವಿಮೆ ಮಾಡಿಸಿದ್ದೇವಲ್ಲ, ದುಡ್ಡು ಬರುತ್ತದೆಯೇ?

ಬರಬಹುದು, ಬಾರದೆಯೂ ಇರಬಹುದು. ಮನೆ ಎಷ್ಟು ಹಾಳಾಯಿತು ಎನ್ನುವುದಕ್ಕಿಂತ ನೆಲ ಯಾವ ಕಾರಣಕ್ಕೆ ಕೂತಿತು ಎನ್ನುವುದನ್ನು ವಿಮೆ ಕಂಪನಿ ಮೊದಲು ಕೇಳುತ್ತದೆ. ಈ ಒಂದು ಮಾತು ತಿಳಿಯದೆ ಎಷ್ಟೋ ಮಂದಿ ಕ್ಲೇಮ್ ಕಳೆದುಕೊಳ್ಳುತ್ತಾರೆ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಒಂದು ಪದದ ತೊಡಕು. ಕನ್ನಡ ಪತ್ರಿಕೆಗಳಲ್ಲಿ ಗುಡ್ಡ ಜರಿದರೂ "ಭೂಕುಸಿತ", ನೆಲ ನಿಂತಲ್ಲೇ ಇಳಿದರೂ "ಭೂಕುಸಿತ". 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆದದ್ದು, 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಆದದ್ದು ಗುಡ್ಡ ಜರಿತ. ಮನೆಯ ಕೆಳಗಿನ ಮಣ್ಣು ನಿಧಾನವಾಗಿ ಕೆಳಗಿಳಿದು ಕಟ್ಟಡಕ್ಕೆ ಆಸರೆ ತಪ್ಪುವುದು ಬೇರೆ. ಪಾಲಿಸಿಯಲ್ಲಿ ಇದನ್ನು ಸಬ್ಸಿಡೆನ್ಸ್ ಎನ್ನುತ್ತಾರೆ. ನಾವು ಇಲ್ಲಿ ನೆಲ ಕುಸಿತ ಎನ್ನೋಣ. ಅದೃಷ್ಟಕ್ಕೆ ಪಾಲಿಸಿಯಲ್ಲಿ ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ.

ನೆಲ ಕುಸಿತ ಎಂದರೆ ಏನೆಂದು ದೇಶಕ್ಕೆಲ್ಲ ತಿಳಿದದ್ದು ಉತ್ತರಾಖಂಡದ ಜೋಶಿಮಠದಿಂದ. ಹಳೆಯ ಗುಡ್ಡ ಜರಿತದ ಅವಶೇಷದ ಮೇಲೆ ಬೆಳೆದ ಊರು ಅದು. ಅಲ್ಲಿ ಭಾರೀ ಕಟ್ಟಡ ಕಟ್ಟಬೇಡಿ ಎಂದು 1976ರಲ್ಲೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. ಮಾತು ಕಡತದಲ್ಲಿ ಉಳಿಯಿತು. 2023ರ ಜನವರಿಯಲ್ಲಿ ಎಂಟು ನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಕಂಡಿತು. 2022ರ ಡಿಸೆಂಬರ್ 27ರಿಂದ 2023ರ ಜನವರಿ 8ರವರೆಗಿನ ಹನ್ನೆರಡು ದಿನಗಳಲ್ಲಿ ಊರಿನ ಒಂದು ಭಾಗ 5.4 ಸೆಂಟಿಮೀಟರ್ ಇಳಿದಿದೆ ಎಂದು ಉಪಗ್ರಹ ಚಿತ್ರ ನೋಡಿ ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಹೇಳಿತು. ಎರಡು ಅಂಗುಲಕ್ಕೆ ಊರು ಖಾಲಿ ಮಾಡಬೇಕೇ ಎನ್ನಬೇಡಿ. ಮನೆಯ ಒಂದು ಮೂಲೆ ಎರಡು ಅಂಗುಲ ಇಳಿದು ಇನ್ನೊಂದು ಮೂಲೆ ನಿಂತರೆ ಗೋಡೆ ಸೀಳಿ ಹೋಗುತ್ತದೆ. ಇಡೀ ಮನೆ ಒಟ್ಟಾಗಿ ಇಳಿದರೆ ಅಷ್ಟು ತೊಂದರೆಯಿಲ್ಲ, ಓರೆಯಾಗಿ ಇಳಿದರೆ ಅಪಾಯ.

"ಅದು ಹಿಮಾಲಯ, ನಾವಿರುವುದು ಮುಂಬಯಿಯಲ್ಲಿ" ಎನ್ನುವಿರಾ? ನಗರದಲ್ಲಿ ನೆಲ ಇಳಿಯಲು ಬೇರೆಯೇ ಕಾರಣಗಳಿವೆ. ದೆಹಲಿಯ ವಿಮಾನ ನಿಲ್ದಾಣಕ್ಕೆ ಹತ್ತಿರದ ಕಾಪಸ್‌ಹೇಡಾ ಸುತ್ತ ಅಂತರ್ಜಲ ಎಳೆದು ಎಳೆದು ನೆಲ ವರ್ಷಕ್ಕೆ ಹತ್ತು ಸೆಂಟಿಮೀಟರಿಗೂ ಹೆಚ್ಚು ಇಳಿದದ್ದನ್ನು ಉಪಗ್ರಹದಿಂದ ಅಳೆದಿದ್ದಾರೆ. ಕೋಲ್ಕತ್ತದ ಬೌಬಜಾರಿನಲ್ಲಿ 2019ರ ಆಗಸ್ಟ್ ಕೊನೆಗೆ ಮೆಟ್ರೋ ಸುರಂಗ ಕೊರೆಯುವ ಯಂತ್ರ ನೀರಿನ ಪದರಕ್ಕೆ ತಗುಲಿ, ಮೇಲಿನ ಹಳೆಯ ಮನೆಗಳು ಕುಸಿದವು. ನೂರಾರು ಜನ ಉಟ್ಟ ಬಟ್ಟೆಯಲ್ಲಿ ಹೊರಬರಬೇಕಾಯಿತು. 2022ರ ಮೇ ತಿಂಗಳಲ್ಲಿ ಅದೇ ಪ್ರದೇಶದ ಮನೆಗಳು ಮತ್ತೆ ಬಿರುಕು ಬಿಟ್ಟವು.

ಇನ್ನು ಪುಣೆಯ ಹಲವು ಭಾಗಗಳಲ್ಲಿರುವ ಕಪ್ಪು ಮಣ್ಣು ಧಾರವಾಡ, ವಿಜಯಪುರ, ಕಲಬುರಗಿ, ರಾಯಚೂರು ಕಡೆಯವರಿಗೆ ಹೊಸದಲ್ಲ. ನಮ್ಮ ಎರೆಮಣ್ಣೇ ಅದು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಸೀಳು ಬಿಡುತ್ತದೆ. ಹತ್ತಿ, ಜೋಳಕ್ಕೆ ಚಿನ್ನದಂಥ ಮಣ್ಣು, ಮನೆಗೆ ಶತ್ರು. ಇದಕ್ಕಾಗಿಯೇ ಕೆಳತುದಿಯಲ್ಲಿ ಗಡ್ಡೆಯಂತೆ ಅಗಲವಾದ, ಮಣ್ಣಿನ ಉಬ್ಬುತಗ್ಗು ತಲುಪದ ಆಳಕ್ಕೆ ಇಳಿಯುವ ಕಾಂಕ್ರೀಟ್ ಕಂಬಗಳ ಅಡಿಪಾಯವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿತು. ಊರಿನಲ್ಲಿ ಎರೆಭೂಮಿಯ ಮೇಲೆ ಮನೆ ಕಟ್ಟಿಸುವವರು ಎಂಜಿನಿಯರರನ್ನು ಅಂಡರ್‌ರೀಮ್ಡ್ ಪೈಲ್ ಬಗ್ಗೆ ಕೇಳಿ ನೋಡಿ.

ಕೊನೆಯದು ತುಂಬಿದ ನೆಲ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಚೆನ್ನೈನ ಟಿ. ನಗರ ಒಂದು ಕಾಲದ ದೊಡ್ಡ ಕೆರೆ. ಮುಂಬಯಿಯಂತೂ ಏಳು ದ್ವೀಪಗಳ ನಡುವೆ ಮಣ್ಣು ಸುರಿದು ಆದ ಊರು. ಸರಿಯಾದ ಅಡಿಪಾಯ ಇದ್ದರೆ ಇಂಥ ನೆಲದ ಮೇಲೂ ಕಟ್ಟಡ ನೂರು ವರ್ಷ ನಿಲ್ಲುತ್ತದೆ. ಆದರೆ ವಿಮೆಗೆ ಈ "ತುಂಬಿದ ನೆಲ" ಎನ್ನುವ ಮಾತು ಬಹಳ ಮುಖ್ಯ, ಮುಂದೆ ಬರುತ್ತದೆ.

ಬಿರುಕು ಕಂಡ ಕೂಡಲೇ ಹೆದರಬೇಡಿ. ಗಾರೆಯ ಮೇಲಿನ ಕೂದಲೆಳೆಯಂಥ ಗೆರೆ ಒಣಗುವಾಗ ಬರುವಂಥದ್ದು, ಬಣ್ಣ ಹೊಡೆದರೆ ಮುಗಿಯಿತು. 5 ಮಿಲಿಮೀಟರ್ ಒಳಗಿನದು ಸಾಮಾನ್ಯವಾಗಿ ದುರಸ್ತಿಗೆ ಬಗ್ಗುತ್ತದೆ. ಅದು ದಾಟಿದರೆ, ಬಾಗಿಲು ಕಿಟಕಿ ಸಿಕ್ಕಿಕೊಳ್ಳತೊಡಗಿದರೆ ಎಂಜಿನಿಯರರನ್ನು ಕರೆಸಿ. 15 ಮಿಲಿಮೀಟರ್ ದಾಟಿದರೆ ತಡ ಮಾಡಲೇಬೇಡಿ. ಅಗಲಕ್ಕಿಂತಲೂ ಬಿರುಕು ಬೆಳೆಯುತ್ತಿದೆಯೇ ಎನ್ನುವುದು ದೊಡ್ಡ ಪ್ರಶ್ನೆ. ನೆಲ ಕೂತ ಬಿರುಕು ಹೆಚ್ಚಾಗಿ ಓರೆ, ಇಟ್ಟಿಗೆಯ ಸಂದಿನಲ್ಲಿ ಮೆಟ್ಟಿಲಿನಂತೆ ಹತ್ತುತ್ತದೆ, ಒಂದು ತುದಿ ಅಗಲ, ಇನ್ನೊಂದು ತುದಿ ಸಣ್ಣ, ಗೋಡೆಯ ಎರಡೂ ಬದಿಗೆ ಕಾಣುತ್ತದೆ. ಎರಡು ತುದಿಗೂ ಪೆನ್ಸಿಲ್ಲಿನಿಂದ ಗೀಟು ಹಾಕಿ ತಾರೀಖು ಬರೆಯಿರಿ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ಕಡೆ ಸಿಮೆಂಟಿನಿಂದ ಕೂರಿಸುವುದು ಹಳೆಯ ಉಪಾಯ. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಸ್ಕೇಲ್ ಹಿಡಿದು ಫೋಟೋ ತೆಗೆದಿಡಿ. ಇದೇ ಮುಂದೆ ನಿಮ್ಮ ಸಾಕ್ಷಿ.

ಈಗ ಪಾಲಿಸಿಗೆ ಬರೋಣ. ಮೊದಲಿಗೆ, ನಿಮ್ಮ ಹತ್ತಿರ ಇರುವುದು ನಿಜವಾಗಿ ಮನೆಯ ವಿಮೆಯೇ ನೋಡಿ. ಗೃಹಸಾಲ ಕೊಡುವಾಗ ಬ್ಯಾಂಕಿನವರು ಹಚ್ಚುವ ಪಾಲಿಸಿ ಎಷ್ಟೋ ಸಲ ಸಾಲಗಾರನ ಜೀವ ವಿಮೆ. ನೀವು ತೀರಿಕೊಂಡರೆ ಸಾಲ ತೀರುತ್ತದೆ, ಮನೆ ಬಿದ್ದರೆ ಏನೂ ಇಲ್ಲ. ಇವೆರಡನ್ನು ಒಂದೇ ಎಂದುಕೊಂಡವರು ಸುಶಿಕ್ಷಿತರಲ್ಲೇ ಬಹಳ.

ಮನೆಯ ವಿಮೆಯಲ್ಲಿ 2021ರ ಏಪ್ರಿಲ್ 1ರಿಂದ ಒಂದು ಅನುಕೂಲ ಆಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ, ಭಾರತ್ ಗೃಹ ರಕ್ಷಾ ಎಂಬ ಒಂದೇ ನಮೂನೆಯ ಪಾಲಿಸಿ ತಂದಿತು. ಯಾವ ಕಂಪನಿಯಲ್ಲಿ ಕೊಂಡರೂ ಮೂಲ ಷರತ್ತು ಒಂದೇ. ಬೆಂಕಿ, ಸಿಡಿಲು, ಭೂಕಂಪ, ಚಂಡಮಾರುತ, ನೆರೆ ಇವುಗಳ ಜೊತೆಗೆ ಮನೆ ನಿಂತ ನೆಲದ ಕುಸಿತ, ಗುಡ್ಡ ಜರಿತ, ಬಂಡೆ ಉರುಳುವಿಕೆ ಎಲ್ಲವೂ ಮೂಲ ಪಾಲಿಸಿಯಲ್ಲೇ ಇವೆ. ಪ್ರತ್ಯೇಕ ಕಂತು ಕಟ್ಟಬೇಕಿಲ್ಲ.

ಹಾಗಾದರೆ ತಕರಾರು ಎಲ್ಲಿ? ಅದೇ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿದೆ. ನೆಲ ಕುಸಿತ ಈ ಐದು ಕಾರಣದಿಂದ ಆಗಿದ್ದರೆ ಕೊಡುವುದಿಲ್ಲ ಎನ್ನುತ್ತದೆ ಪಾಲಿಸಿ. ಹೊಸ ಕಟ್ಟಡ ಸಹಜವಾಗಿ ಕೂರುವುದರಿಂದ, ಬಿರುಕು ಬಿಡುವುದರಿಂದ ಆದದ್ದಕ್ಕೆ ಇಲ್ಲ. ಮಣ್ಣು ತುಂಬಿ ಮಾಡಿದ ನೆಲ ಕೂತರೆ, ಸರಿದರೆ ಇಲ್ಲ. ಸಮುದ್ರ, ನದಿಯ ಕೊರೆತಕ್ಕೆ ಇಲ್ಲ. ವಿನ್ಯಾಸ, ಕೆಲಸ ಅಥವಾ ಸಾಮಗ್ರಿ ಕಳಪೆಯಾಗಿದ್ದರೆ ಇಲ್ಲ. ಯಾವುದೇ ಆಸ್ತಿಯನ್ನು ಕೆಡವುವುದು, ಕಟ್ಟುವುದು, ಮಾರ್ಪಡಿಸುವುದು, ರಿಪೇರಿ, ನೆಲ ಅಗೆಯುವುದು ಇವುಗಳಿಂದ ಆದರೆ ಇಲ್ಲ.

ಕೊನೆಯದನ್ನು ಇನ್ನೊಮ್ಮೆ ಓದಿ. "ಯಾವುದೇ ಆಸ್ತಿ" ಎಂದಿದೆ, ನಿಮ್ಮದೇ ಆಗಬೇಕಿಲ್ಲ. ಪಕ್ಕದ ಸೈಟಿನವನು ಮೂರು ಅಂತಸ್ತು ಬೇಸ್‌ಮೆಂಟ್ ತೋಡಿದ, ನಿಮ್ಮ ಗೋಡೆ ಬಾಯಿ ಬಿಟ್ಟಿತು ಅಂದರೆ ನಿಮ್ಮ ವಿಮೆ ಕಂಪನಿ ಕೈ ಎತ್ತಬಹುದು. ಬೌಬಜಾರಿನಂಥ ಸುರಂಗದ ಪ್ರಕರಣಕ್ಕೂ ಇದೇ ಷರತ್ತು ಅಡ್ಡ ಬರುತ್ತದೆ. ನಗರದಲ್ಲಿ ನೆಲ ಕೂರಲು ಇದೇ ಮುಖ್ಯ ಕಾರಣವಾಗಿರುವಾಗ ಅದನ್ನೇ ಹೊರಗಿಟ್ಟ ಪಾಲಿಸಿ ನಗರವಾಸಿಗೆ ಅರ್ಧ ಕೊಡೆ ಇದ್ದಂತೆ ಎಂದು ನನಗನಿಸುತ್ತದೆ.

ಅಂಥ ಸಂದರ್ಭದಲ್ಲಿ ಹೊಣೆ ಅಗೆದವರದ್ದು. ಪಕ್ಕದಲ್ಲಿ ಅಗೆತ ಶುರುವಾಗುವ ಮೊದಲೇ ನಿಮ್ಮ ಮನೆಯ ಎಲ್ಲ ಗೋಡೆಗಳ ಫೋಟೋ ತೆಗೆದು, ಕಟ್ಟುವವರಿಗೂ ನಗರಪಾಲಿಕೆಗೂ ರಿಜಿಸ್ಟರ್ಡ್ ಪತ್ರ ಬರೆಯಿರಿ. ಮೆಟ್ರೋ ಸುರಂಗದ ದಾರಿಯಲ್ಲಿದ್ದರೆ ಕೆಲಸಕ್ಕೆ ಮೊದಲು ಕಟ್ಟಡಗಳ ಸ್ಥಿತಿ ಪರಿಶೀಲನೆ ಮಾಡುತ್ತಾರೆ, ಅದರ ಪ್ರತಿ ಕೇಳಿ ಪಡೆಯಿರಿ. ಗುತ್ತಿಗೆದಾರರ ವಿಮೆಯಲ್ಲಿ ಅಕ್ಕಪಕ್ಕದವರ ನಷ್ಟದ ಭಾಗ ಒಂದಿರುತ್ತದೆ, ಆದರೆ ಕಂಪನದಿಂದ ಅಥವಾ ಆಸರೆ ತಪ್ಪಿ ಆಗುವ ನಷ್ಟವನ್ನು ಬೇರೆಯಾಗಿ ಸೇರಿಸಬೇಕು. ಸೇರಿಸಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ. ಪಕ್ಕದ ನೆಲದ ಆಸರೆ ನಿಮ್ಮ ಹಕ್ಕು ಎಂದು 1882ರ ಈಸ್‌ಮೆಂಟ್ಸ್ ಕಾಯ್ದೆಯೇ ಹೇಳುತ್ತದೆ. ಅದು ಮೂಲತಃ ಬರಿ ನೆಲದ ಮಾತು. ಅದರ ಮೇಲಿನ ಕಟ್ಟಡಕ್ಕೂ ಆ ಹಕ್ಕು ಸಿಗಲು ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಆಸರೆ ಪಡೆದಿರಬೇಕು.

ಎಷ್ಟು ಮೊತ್ತಕ್ಕೆ ವಿಮೆ? ಇಲ್ಲಿಯೂ ಒಂದು ತಪ್ಪು ತಿಳಿವಳಿಕೆ ಇದೆ. ಒಂದೂವರೆ ಕೋಟಿಯ ಫ್ಲ್ಯಾಟಿಗೆ ಒಂದೂವರೆ ಕೋಟಿ ವಿಮೆ ಬೇಕಿಲ್ಲ, ಸಿಗುವುದೂ ಇಲ್ಲ. ಕಾರ್ಪೆಟ್ ಏರಿಯಾವನ್ನು ಕಟ್ಟುವ ಖರ್ಚಿನಿಂದ ಗುಣಿಸುತ್ತಾರೆ, ಅಷ್ಟೇ. 700 ಚದರಡಿ, ಅಡಿಗೆ 2,500 ರೂಪಾಯಿ ಎಂದುಕೊಂಡರೆ 17.5 ಲಕ್ಷ. ನೆಲದ ಬೆಲೆ ಇದರಲ್ಲಿಲ್ಲ. ಜೋಶಿಮಠದಂತೆ ನಿವೇಶನವೇ ವಾಸಕ್ಕೆ ಆಗದಂತಾದರೆ ವಿಮೆ ಗೋಡೆ, ಚಾವಣಿಗೆ ಕೊಡುತ್ತದೆ, ಕಳೆದುಕೊಂಡ ಜಾಗಕ್ಕೆ ಕೊಡುವುದಿಲ್ಲ. ಕಟ್ಟಡಕ್ಕೂ ಸಾಮಾನಿಗೂ ಸೇರಿಸಿ ಪಾಲಿಸಿ ತೆಗೆದುಕೊಂಡರೆ ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ, ಪಟ್ಟಿ ಕೊಡದೆಯೇ ಸಾಮಾನಿಗೆ ಸಿಗುತ್ತದೆ. ಮನೆ ವಾಸಕ್ಕೆ ಯೋಗ್ಯವಲ್ಲದಾದಾಗ ಬೇರೆ ಕಡೆ ಕಟ್ಟುವ ಬಾಡಿಗೆಯೂ ಒಳಗೊಂಡಿದೆ. ಇದನ್ನು ಕೇಳುವುದನ್ನು ಜನ ಮರೆಯುತ್ತಾರೆ. ಸಾಲ ಇನ್ನೂ ಇದ್ದರೆ ಕ್ಲೇಮಿನ ಹಣದ ಮೇಲೆ ಮೊದಲ ಹಕ್ಕು ಸಾಮಾನ್ಯವಾಗಿ ಬ್ಯಾಂಕಿನದು.

ಫ್ಲ್ಯಾಟಿನವರು ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಒಂದು ಪ್ರಶ್ನೆ ಹಾಕಿ: ಇಡೀ ಕಟ್ಟಡಕ್ಕೆ ವಿಮೆ ಇದೆಯೇ, ಅದರಲ್ಲಿ ನೆಲ ಕುಸಿತ ಸೇರಿದೆಯೇ? ಪಾಯ, ಕಂಬ, ಮೆಟ್ಟಿಲು ಎಲ್ಲರ ಸೊತ್ತು. ನೀವೊಬ್ಬರೇ ನಿಮ್ಮ ನಾಲ್ಕು ಗೋಡೆಗೆ ವಿಮೆ ಮಾಡಿಸಿದರೆ ಕೆಳಗಿನ ಪಾಯ ಯಾರದ್ದು?

ಬಿರುಕು ದೊಡ್ಡದಾಗಿ ಕ್ಲೇಮ್ ಹಾಕುವ ದಿನ ಬಂತು ಎನ್ನಿ. ಜೀವಕ್ಕೆ ಅಪಾಯವಿದ್ದರೆ ಮೊದಲು ಹೊರಗೆ ಬನ್ನಿ, ಉಳಿದದ್ದು ಆಮೇಲೆ. ಕಂಪನಿಗೆ ಕೂಡಲೇ ತಿಳಿಸಿ ಕ್ಲೇಮ್ ಸಂಖ್ಯೆ ಬರೆದುಕೊಳ್ಳಿ. ಒಡೆದ ನೀರಿನ ಪೈಪು ಮುಚ್ಚುವುದು, ಗೋಡೆಗೆ ಊರುಗೋಲು ಕೊಡುವುದು ಇಂಥ ತಾತ್ಕಾಲಿಕ ರಕ್ಷಣೆ ಮಾಡಿ, ರಸೀದಿ ಇಟ್ಟುಕೊಳ್ಳಿ. ಆದರೆ ಸರ್ವೇಯರ್ ಬಂದು ನೋಡುವ ಮೊದಲು ಗಾರೆ ಮೆತ್ತಿ ಬಿರುಕು ಮುಚ್ಚಬೇಡಿ. ಹಬ್ಬ ಬಂತೆಂದು ಸುಣ್ಣ ಬಳಿದು ಸಾಕ್ಷಿ ಅಳಿಸಿದವರಿದ್ದಾರೆ.

ಸರ್ವೇಯರ್ ಪರವಾನಗಿ ಪಡೆದವರೇ ಆದರೂ ನೇಮಿಸುವುದು ಕಂಪನಿ. ಆದ್ದರಿಂದ ನೀವೂ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರರಿಂದ ವರದಿ ಮಾಡಿಸಿ. "ಕಟ್ಟಡದಲ್ಲಿ ಬಿರುಕಿದೆ" ಎಂದಷ್ಟೇ ಬರೆದ ವರದಿ ಉಪಯೋಗಕ್ಕೆ ಬಾರದು. ನೆಲ ಕೂತ ಕಾರಣ ಏನು, ಅದು ಯಾವಾಗ ಶುರುವಾಯಿತು, ಕಟ್ಟಡದ ವಯಸ್ಸೆಷ್ಟು, ಮೇಲೆ ಹೇಳಿದ ಐದು ಕಾರಣಗಳಲ್ಲಿ ಯಾವುದೂ ಏಕೆ ಅಲ್ಲ ಎನ್ನುವುದು ಸ್ಪಷ್ಟವಾಗಿ ಇರಬೇಕು. ಹದಿನೈದು ವರ್ಷ ಅಲುಗದೆ ನಿಂತ ಮನೆ ಒಂದು ಭಾರೀ ಮಳೆಯ ನಂತರ ಕೂತರೆ ಅದನ್ನು "ಹೊಸ ಕಟ್ಟಡ ಸಹಜವಾಗಿ ಕೂತದ್ದು" ಎನ್ನಲು ಕಂಪನಿಗೆ ಕಷ್ಟ. ಮಣ್ಣಿನ ಪರೀಕ್ಷೆಯ ಹಳೆಯ ವರದಿ, ಮಂಜೂರಾದ ನಕ್ಷೆ, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಇವು ಈಗ ಬೆಲೆ ಬಾಳುತ್ತವೆ. ಪಾಲಿಕೆ "ವಾಸಕ್ಕೆ ಯೋಗ್ಯವಲ್ಲ" ಎಂದು ನೋಟಿಸ್ ಅಂಟಿಸಿದ್ದರೆ ಅದರ ಪ್ರತಿಯನ್ನೂ ಲಗತ್ತಿಸಿ.

ನಮ್ಮಂಥ ಹೊರನಾಡ ಕನ್ನಡಿಗರಿಗೆ ಇನ್ನೊಂದು ಚಿಂತೆ ಊರಿನ ಮನೆ. ಅಪ್ಪ ಕಟ್ಟಿಸಿದ ಮನೆಗೆ ಬೀಗ ಹಾಕಿ ಬಂದಿರುತ್ತೇವೆ, ನಾಗರಪಂಚಮಿಗೋ ಜಾತ್ರೆಗೋ ಹೋದಾಗ ಬಾಗಿಲು ತೆರೆಯುತ್ತೇವೆ. ಅಂಥ ಮನೆಗೆ ವಿಮೆ ಮಾಡಿಸುವಾಗ ಅದು ವರ್ಷದ ಬಹುಪಾಲು ಖಾಲಿ ಇರುತ್ತದೆ ಎನ್ನುವುದನ್ನೂ, ಗೋಡೆ ಮಣ್ಣಿನದೋ ಕಲ್ಲಿನದೋ ಎನ್ನುವುದನ್ನೂ ಅರ್ಜಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದು, ಕಂಪನಿಯ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೋಡಿ ಫೋಟೋ ಕಳಿಸಲು ನೆರೆಯ ಹುಡುಗರಿಗೆ ಹೇಳಿಡಿ.

ಕ್ಲೇಮ್ ತಿರಸ್ಕರಿಸಿದರೆ ಯಾವ ಷರತ್ತಿನ ಪ್ರಕಾರ ಎಂದು ಲಿಖಿತವಾಗಿ ಕೇಳಿ. ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳು ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. 2023ರ ತಿದ್ದುಪಡಿಯ ನಂತರ 50 ಲಕ್ಷ ರೂಪಾಯಿವರೆಗಿನ ಪರಿಹಾರವನ್ನು ಅವರು ಕೊಡಿಸಬಹುದು. ದೂರು ಕೊಡಲು ಒಂದು ವರ್ಷದ ಗಡುವು ಇದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲ ಕಡೆಯೂ ಅವರ ಕಚೇರಿಗಳಿವೆ, ಬೆಂಗಳೂರಿನಲ್ಲೂ ಇದೆ. ಕೂತದ್ದು ಸಕಲೇಶಪುರದ ಮನೆಯಾದರೂ ನೀವು ವಾಸವಿರುವ ಊರಿನ ಕಚೇರಿಯಲ್ಲೇ ದೂರು ಕೊಡಬಹುದು. ಗ್ರಾಹಕ ಆಯೋಗಕ್ಕೂ 2019ರ ಕಾಯ್ದೆಯಿಂದ ಇದೇ ಅನುಕೂಲವಿದೆ. ದೂರಿನ ಜೊತೆ ಪಾಲಿಸಿಯ ಪ್ರತಿ, ತಿರಸ್ಕಾರದ ಪತ್ರ, ಎಂಜಿನಿಯರರ ವರದಿ ಮತ್ತು ತಾರೀಖು ಬರೆದ ಆ ಪೆನ್ಸಿಲ್ ಗೀಟಿನ ಫೋಟೋಗಳನ್ನು ಲಗತ್ತಿಸಿ.