ಮೃಗಚರ್ಮವೆಂಬ ಅಲಂಕಾರ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಮಾನ್ಯ ತಂದೆತಾಯಿಗಳಿಗೂ ಈ ಸಂಚಿಕೆಯ ಮೂಲಕ ಒಂದು ವಿಷಯವನ್ನು ವಿವರಿಸಬೇಕೆಂದು ಬಯಸುತ್ತೇನೆ. ಹುಲಿ, ಚಿರತೆ, ನೀರುನಾಯಿ ಮೊದಲಾದ ಪ್ರಾಣಿಗಳ ಚರ್ಮ, ತುಪ್ಪಟ, ಉಗುರುಗಳ ವ್ಯಾಪಾರವೇ ಆ ವಿಷಯವು. ಇದು ಕಾಡಿಗೆ ಸಂಬಂಧಪಟ್ಟ ಸಂಗತಿಯೆಂದು ತೋರಿದರೂ ಇದರ ಬೇರು ಮನೆಗಳಲ್ಲಿಯೇ ಇದೆ.

ಮೃಗಚರ್ಮಕ್ಕೂ ನಮ್ಮ ಮೈಸೂರಿಗೂ ಹಳೆಯ ನಂಟು ಉಂಟು. ಇಪ್ಪತ್ತನೆಯ ಶತಮಾನದ ಆರಂಭದಿಂದ 1999ರ ವರೆಗೆ ಈ ನಗರದಲ್ಲಿದ್ದ ವ್ಯಾನ್ ಇಂಗೆನ್ ಮತ್ತು ವ್ಯಾನ್ ಇಂಗೆನ್ ಎಂಬ ಸಂಸ್ಥೆಯು, ಬೇಟೆಯಲ್ಲಿ ಸತ್ತ ಮೃಗಗಳ ಚರ್ಮವನ್ನು ಹದಮಾಡಿ, ಜೀವಂತವಾಗಿರುವಂತೆಯೇ ಕಾಣುವ ಹಾಗೆ ಸಿದ್ಧಪಡಿಸುತ್ತಿದ್ದಿತು. ಅರಸರೂ ಆಂಗ್ಲ ಅಧಿಕಾರಿಗಳೂ ಹೊಡೆದ ಮೃಗಗಳು ಇಲ್ಲಿಗೆ ಬರುತ್ತಿದ್ದವು. ಹುಲಿ ಚಿರತೆಗಳೆರಡೂ ಸೇರಿ 43,000ಕ್ಕೂ ಹೆಚ್ಚು ಮೃಗಗಳು ಆ ಕಾರ್ಖಾನೆಯನ್ನು ಹಾದುಹೋದವೆಂದು ಅದರ ಚರಿತ್ರೆಯನ್ನು ಬರೆದ ಪ್ಯಾಟ್ ಮಾರಿಸ್ ಅವರು ಲೆಕ್ಕ ಕೊಟ್ಟಿದ್ದಾರೆ. ಕುಶಲತೆಯಲ್ಲಿ ಆ ಮನೆತನವು ಲೋಕಪ್ರಸಿದ್ಧವಾದುದು. ಬೇಟೆಗೆ ಅಂದು ನಿಷೇಧವೂ ಇರಲಿಲ್ಲ. ಆದರೂ ಆ ಸಂಖ್ಯೆಯನ್ನು ಇಂದಿನದರೊಡನೆ ಹೋಲಿಸಿರಿ. 2022ರ ಗಣತಿಯಂತೆ ಇಡೀ ಭಾರತದಲ್ಲಿ ಉಳಿದಿದ್ದ ಹುಲಿಗಳು ಸುಮಾರು 3,682. ನಮ್ಮ ಕರ್ನಾಟಕದಲ್ಲಿ 563.

ಇಷ್ಟಾದರೂ ಉಳಿದದ್ದು ಕಾನೂನಿನ ದೆಸೆಯಿಂದ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಜಾರಿಗೆ ಬಂದಿತು. 1973ರಲ್ಲಿ ಹುಲಿ ಯೋಜನೆಯು ಆರಂಭವಾದಾಗ ಮೊದಲು ಆರಿಸಲ್ಪಟ್ಟ ಒಂಬತ್ತು ಅರಣ್ಯಗಳಲ್ಲಿ ನಮ್ಮ ಬಂಡೀಪುರವೂ ಒಂದು. ಆದರೆ ಬಹಿರಂಗವಾಗಿದ್ದ ವ್ಯಾಪಾರವು ನಿಂತ ಮೇಲೆ ಗುಟ್ಟಿನ ವ್ಯಾಪಾರವು ಬೆಳೆಯಿತು. ಅದರ ಕ್ರೌರ್ಯವು ಹಿಂದಿನದಕ್ಕಿಂತ ಕಡಿಮೆಯದಲ್ಲ.

ಈ ಕ್ರೌರ್ಯದ ಕಾರಣವನ್ನು ಅರಿಯಬೇಕು. ಚರ್ಮದಲ್ಲಿ ರಂಧ್ರವಿದ್ದರೆ ಬೆಲೆ ಇಳಿಯುತ್ತದೆ. ಗುಂಡಿನ ಸದ್ದಿಗೆ ಕಾವಲುಗಾರರು ಎಚ್ಚರಗೊಳ್ಳುತ್ತಾರೆ. ಆದಕಾರಣ ಕಳ್ಳಬೇಟೆಗಾರರು ಹಲ್ಲುಗಳುಳ್ಳ ಕಬ್ಬಿಣದ ಇಕ್ಕಳದಂಥ ಸಾಧನವನ್ನು ಮೃಗವು ನಡೆಯುವ ದಾರಿಯಲ್ಲಿ ಹುದುಗಿಸಿಡುತ್ತಾರೆ. ಕಾಲು ಸಿಕ್ಕಿಕೊಂಡ ಹುಲಿಯನ್ನು ದೊಣ್ಣೆಗಳಿಂದ ಬಡಿದು, ಚರ್ಮಕ್ಕೆ ಊನವಾಗದಂತೆ ಬಾಯೊಳಗೆ ಈಟಿಯನ್ನು ತೂರಿ ಕೊಲ್ಲುವರು. ಅಂದರೆ ಚರ್ಮವು ಎಷ್ಟು ಅಂದವಾಗಿದೆಯೋ ಪ್ರಾಣಿಯ ಸಂಕಟವೂ ಅಷ್ಟೇ ದೊಡ್ಡದಾಗಿರಬಹುದು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಬೆಕ್ಕಿಗಾದರೂ ಹಸಿವೆಂಬ ನೆಪವುಂಟು. ಅಲಂಕಾರಕ್ಕೆ ಆ ನೆಪವೂ ಇಲ್ಲ.

ಹುಲಿಯಷ್ಟು ಹೆಸರಿಲ್ಲದ ನೀರುನಾಯಿಯ ಪಾಡೂ ಇದೇ. ರಂಗನತಿಟ್ಟಿನ ಬಳಿ ಕಾವೇರಿಯಲ್ಲಿ ಮೀನು ಹಿಡಿಯುತ್ತ ಆಡುವ ಈ ಪ್ರಾಣಿಯನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ನೀರಿನ ಚಳಿಯನ್ನು ತಡೆಯಲೆಂದು ಅದಕ್ಕೆ ದೊರೆತ ಒತ್ತಾದ ತುಪ್ಪಟವೇ ಅದಕ್ಕೆ ಶತ್ರುವಾಯಿತು. 2003ರ ಅಕ್ಟೋಬರಿನಲ್ಲಿ ಟಿಬೆಟಿನಲ್ಲಿ ಹಿಡಿಯಲ್ಪಟ್ಟ ಒಂದೇ ಸಾಗಣೆಯಲ್ಲಿ 31 ಹುಲಿಗಳ, 581 ಚಿರತೆಗಳ, 778 ನೀರುನಾಯಿಗಳ ಚರ್ಮಗಳಿದ್ದವು. ಅಲ್ಲಿಯ ಅನುಕೂಲಸ್ಥರು ಹಬ್ಬಗಳಲ್ಲಿ ತೊಡುವ ನಿಲುವಂಗಿಗಳ ಅಂಚಿಗೆ ಇಂಥ ಚರ್ಮಗಳನ್ನು ಹೊಲಿಸುತ್ತಿದ್ದರು.

ಮುಂದೆ ನಡೆದುದೇ ಈ ಲೇಖನದ ಸಾರವು. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ಕೂಡಿದ ಮಹಾಸಭೆಯಲ್ಲಿ ದಲಾಯಿ ಲಾಮಾ ಅವರು, ವನ್ಯಪ್ರಾಣಿಗಳ ಚರ್ಮವನ್ನು ಕೊಳ್ಳಬೇಡಿರಿ, ಮಾರಬೇಡಿರಿ, ತೊಡಬೇಡಿರಿ ಎಂದು ತಮ್ಮ ಜನರನ್ನು ಬೇಡಿಕೊಂಡರು. ಕೆಲವೇ ವಾರಗಳಲ್ಲಿ ಟಿಬೆಟಿನ ಜನರು ಅತ್ಯಂತ ಬೆಲೆಬಾಳುವ ತಮ್ಮ ಉಡುಪುಗಳನ್ನು ತಾವಾಗಿಯೇ ಬೆಂಕಿಗೆ ಹಾಕಿದರು. ನಮ್ಮ ಜಿಲ್ಲೆಯ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವವರ ಬಂಧುಗಳೇ ಅವರು. ದಂಡನೆಯ ಭಯವು ಮಾಡಲಾರದುದನ್ನು ಕೊಳ್ಳುವವರ ಮನಃಪರಿವರ್ತನೆಯು ಮಾಡಿತು. ಬೇಡುವವರಿಲ್ಲದೆ ಮಾರುವವರು ಬಹುಕಾಲ ನಿಲ್ಲಲಾರರು.

ಇದರಿಂದ ನಾವು ಕಲಿಯತಕ್ಕದ್ದೇನು? ನಮ್ಮ ನಾಡಿನ ಹವೆಗೆ ತುಪ್ಪಟದ ಅಂಗಿ ಬೇಕಿಲ್ಲವಾದುದರಿಂದ ನಾವು ನಿರ್ದೋಷಿಗಳೆಂದು ಭಾವಿಸಬಾರದು. ಮಗುವಿಗೆ ದೃಷ್ಟಿ ತಾಗದಿರಲೆಂದೂ ಧೈರ್ಯ ಬರಲೆಂದೂ ಬಂಗಾರದಲ್ಲಿ ಕಟ್ಟಿಸಿದ ಹುಲಿಯುಗುರನ್ನು ಕೊರಳಿಗೆ ಹಾಕುವ ವಾಡಿಕೆ ನಮ್ಮಲ್ಲಿ ಉಂಟಷ್ಟೆ. ಒಂದು ಹುಲಿಗೆ ಇರುವ ಉಗುರುಗಳು ಹದಿನೆಂಟು ಮಾತ್ರ. ತನ್ನನ್ನೇ ಕಾಪಾಡಿಕೊಳ್ಳಲಾರದೆ ಸತ್ತ ಹುಲಿಯ ಉಗುರು ನಮ್ಮ ಮಗುವನ್ನು ಹೇಗೆ ಕಾಪಾಡೀತು? ದನದ ಕೊಂಬಿನಿಂದ ಮಾಡಿದ ಕೃತಕ ಉಗುರುಗಳೂ ಪೇಟೆಯಲ್ಲಿ ದೊರೆಯುತ್ತವೆ. ಅವು ಪ್ರಾಣಿಯನ್ನು ಕೊಲ್ಲಿಸದಿದ್ದರೂ ಆಸೆಯನ್ನು ಜೀವಂತವಾಗಿಡುತ್ತವೆ.

2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕವನ್ನು ಧರಿಸಿದ ಕಾರಣಕ್ಕಾಗಿ ಬೆಂಗಳೂರಿನಲ್ಲಿ ಬಂಧನ ನಡೆದಾಗ ಅನೇಕ ಮನೆಗಳಲ್ಲಿ ಗಾಬರಿ ಹುಟ್ಟಿತು. ತಿಳಿದಿರಬೇಕಾದುದಿಷ್ಟು: ಇಂಥ ವಸ್ತುವನ್ನು ಕೊಳ್ಳುವುದೂ ಮಾರುವುದೂ ಅಪರಾಧ, ಹಿರಿಯರಿಂದ ಬಂದುದಾದರೂ ಸರಕಾರದ ಮಾಲಿಕತ್ವದ ಪತ್ರವಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಹುಲಿಯ ವಿಷಯದಲ್ಲಿ ಶಿಕ್ಷೆಯು ಮೂರರಿಂದ ಏಳು ವರ್ಷಗಳ ಸೆರೆವಾಸ. ಮನೆಯ ಪೆಟ್ಟಿಗೆಯಲ್ಲಿ ಅಂಥದು ಇದ್ದಲ್ಲಿ ಬಚ್ಚಿಡದೆ, ಬಿಸಾಡದೆ, ಅರಣ್ಯ ಇಲಾಖೆಯವರಿಗೆ ತಿಳಿಸಿ ಅವರು ಹೇಳಿದಂತೆ ನಡೆಯುವುದು ಲೇಸು.

ಮನೆಯಲ್ಲಿ ಯಾವ ಒಡವೆಯನ್ನು ಮಾಡಿಸಬೇಕು, ಮಗುವಿಗೆ ಏನನ್ನು ತೊಡಿಸಬೇಕು ಎಂಬುದನ್ನು ನಿರ್ಧರಿಸುವವರು ಬಹುಮಟ್ಟಿಗೆ ತಾಯಂದಿರೇ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ತಾಯಂದಿರು, ಅಜ್ಜಿಯರು. ಮುಂದೆ ನಿಮ್ಮ ಮನೆಯಲ್ಲಿ ನಾಮಕರಣವಾದಾಗ ಯಾರಾದರೂ ಹುಲಿಯುಗುರಿನ ಮಾತೆತ್ತಿದರೆ, ಈ ಸಂಗತಿಗಳನ್ನು ಅವರಿಗೆ ಸಮಾಧಾನದಿಂದ ತಿಳಿಸಿಹೇಳಿರಿ. ಮಗುವಿಗೆ ಬೇರೊಂದು ಒಡವೆಯನ್ನು ಮಾಡಿಸಿರಿ.