ಬೆಟ್ಟದ ಬುತ್ತಿಯಲ್ಲಿ ಹಾಲಿನ ಪುಡಿ

ಹಾಲನ್ನೂ ನೀರನ್ನೂ ಬೆರೆಸಿಟ್ಟರೆ ಹಂಸವು ನೀರನ್ನು ಬಿಟ್ಟು ಹಾಲನ್ನಷ್ಟೇ ಹೀರುವುದೆಂದು ನಮ್ಮ ಕವಿಗಳು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಈ ಹಂಸಕ್ಷೀರ ನ್ಯಾಯವನ್ನು ವರ್ಷವರ್ಷವೂ ತರಗತಿಯಲ್ಲಿ ವಿವರಿಸುವ ನನಗೆ, ಅಂಥ ಹಂಸವೊಂದು ನಿಜವಾಗಿಯೂ ಇದೆಯೆಂಬುದು ತಿಳಿದದ್ದು ಪುಸ್ತಕದಿಂದಲ್ಲ, ಮಕ್ಕಳೊಡನೆ ಬೆಟ್ಟ ಹತ್ತುವಾಗ. ಆ ಹಂಸವೇ ಹಾಲಿನ ಪುಡಿಯ ಕಾರ್ಖಾನೆ. ಅದು ಹಾಲಿನೊಳಗಿನ ನೀರನ್ನು ಬೇರ್ಪಡಿಸಿ ಸಾರವನ್ನು ನಮ್ಮ ಕೈಗೆ ಕೊಡುತ್ತದೆ. ರಜೆಯಲ್ಲಿ ಮನೆಮಂದಿಯೊಡನೆ ಚಾರಣಕ್ಕೋ ಶಿಬಿರಕ್ಕೋ ಹೊರಡುವವರು ಈ ಸಾರವನ್ನು ಹೇಗೆ ಬಳಸಬೇಕು, ಎಲ್ಲಿ ಎಚ್ಚರದಿಂದಿರಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ದಾರಿಯ ಊಟಕ್ಕೆ ಸಂಸ್ಕೃತದಲ್ಲಿ ‘ಪಾಥೇಯ’ವೆಂಬ ಹೆಸರಿದೆ. ಪಥದಲ್ಲಿ ಒದಗುವುದು ಪಾಥೇಯ. ನಮ್ಮ ಕನ್ನಡದ ಬುತ್ತಿಯೂ ಅದೇ. ಬುತ್ತಿಯ ಮೊದಲ ಲಕ್ಷಣ ಅದು ಹಗುರವಾಗಿರಬೇಕು, ಎರಡನೆಯದು ಕೆಡದಿರಬೇಕು. ಹಸಿ ಹಾಲಿನಲ್ಲಿ ಈ ಎರಡು ಗುಣಗಳೂ ಇಲ್ಲ. ಹಸುವಿನ ಹಾಲಿನ ನೂರು ಪಾಲಿನಲ್ಲಿ ಸುಮಾರು ೮೭ ಪಾಲು ಬರಿಯ ನೀರು. ನಾಲ್ವರ ಸಂಸಾರವೊಂದು ಮೂರು ದಿನ ಬೆಟ್ಟದಲ್ಲಿ ತಂಗುವುದೆಂದು ಭಾವಿಸಿ. ತಲೆಗೆ ದಿನಕ್ಕೆ ಅರ್ಧ ಲೀಟರಿನಂತೆ ಆರು ಲೀಟರ್ ಹಾಲು ಬೇಕು. ಅದರ ತೂಕ ಆರು ಕಿಲೋಗ್ರಾಮಿಗೂ ಮಿಗಿಲು. ಮೊದಲ ಮಧ್ಯಾಹ್ನದೊಳಗೇ ಅದು ಒಡೆದೂ ಹೋಗುತ್ತದೆ. ಅದೇ ಆರು ಲೀಟರಿಗೆ ಬೇಕಾಗುವ ಪುಡಿ ಮುಕ್ಕಾಲು ಕಿಲೋಗ್ರಾಂ ಮಾತ್ರ. ತೊರೆಯಲ್ಲಿ ಸಿಗುವ ನೀರನ್ನು ಊರಿನಿಂದ ಹೊತ್ತುಕೊಂಡು ಬೆಟ್ಟ ಹತ್ತುವುದರಲ್ಲಿ ಜಾಣತನವೇನಿದೆ?

ಈ ಉಪಾಯ ಇಂದು ನಿನ್ನೆಯದಲ್ಲ. ಹದಿಮೂರನೆಯ ಶತಮಾನದಲ್ಲಿ ಏಷ್ಯಾ ಖಂಡವನ್ನು ಸುತ್ತಿದ ಮಾರ್ಕೊ ಪೋಲೊ, ಮಂಗೋಲ ಸವಾರರು ಹಾಲನ್ನು ಕಾಯಿಸಿ, ಕೆನೆ ತೆಗೆದು, ಬಿಸಿಲಿಗೆ ಒಣಗಿಸಿ ಒಯ್ಯುತ್ತಿದ್ದುದನ್ನು ವರ್ಣಿಸಿದ್ದಾನೆ. ಬೆಳಗ್ಗೆ ಒಂದಿಷ್ಟು ಒಣಹಾಲನ್ನು ನೀರಿನೊಡನೆ ಚರ್ಮದ ಚೀಲಕ್ಕೆ ಹಾಕಿಕೊಂಡರೆ, ಕುದುರೆಯ ಕುಲುಕಾಟವೇ ಅದನ್ನು ಕಡೆದು ಕಲಸುತ್ತಿತ್ತಂತೆ. ಇಂದಿನ ಕ್ರಮ ಬೇರೆ. ಹಾಲನ್ನು ಶುದ್ಧಗೊಳಿಸಿ, ಗಾಳಿಯ ಒತ್ತಡವನ್ನು ತಗ್ಗಿಸಿದ ಪಾತ್ರೆಗಳಲ್ಲಿ ಕಡಮೆ ಶಾಖದಲ್ಲೇ ಗಟ್ಟಿಯಾಗುವಂತೆ ಬತ್ತಿಸಿ, ಎತ್ತರದ ಗೋಪುರದೊಳಗೆ ಮಂಜಿನಂತೆ ಸಿಂಪಡಿಸುತ್ತಾರೆ. ಬಿಸಿಗಾಳಿಯಲ್ಲಿ ಹನಿಯ ನೀರು ಕೆಲವೇ ಕ್ಷಣಗಳಲ್ಲಿ ಆರಿ, ಪುಡಿ ಕೆಳಗೆ ಉದುರುತ್ತದೆ.

ಎಮ್ಮೆಯ ಹಾಲನ್ನು ಹೀಗೆ ಪುಡಿಮಾಡಲಾಗದೆಂದು ಒಂದು ಕಾಲದಲ್ಲಿ ಹೊರದೇಶದ ತಜ್ಞರು ಹೇಳುತ್ತಿದ್ದರು. ಗುಜರಾತಿನ ಆಣಂದದಲ್ಲಿ ಹರಿಚಂದ್ ಮೇಘಾ ದಲಾಯರು ಅದನ್ನು ಮಾಡಿ ತೋರಿಸಿದರು. ೧೯೫೫ರ ಅಕ್ಟೋಬರ್ ೩೧ರಂದು ಅಲ್ಲಿಯ ಸಹಕಾರಿ ಡೈರಿಯನ್ನು ಪ್ರಧಾನಿ ನೆಹರೂ ಅವರು ಉದ್ಘಾಟಿಸಿದರು. ಎಮ್ಮೆಗಳು ಬಹಳವಾಗಿರುವ ನಮ್ಮ ದೇಶಕ್ಕೆ ಅದು ಸಣ್ಣ ಸಂಗತಿಯಲ್ಲ.

ಇನ್ನು ಅಂಗಡಿಯ ಮಾತು. ಹಾಲಿನ ಪುಡಿಯೆಂದು ಕೇಳಿದರೆ ಅಂಗಡಿಯವನು ಮೂರು ಬಗೆಯ ಪೊಟ್ಟಣಗಳಲ್ಲಿ ಯಾವುದನ್ನಾದರೂ ಕೊಟ್ಟಾನು. ಮೊದಲನೆಯದು ಕೆನೆಭರಿತ ಹಾಲಿನ ಪುಡಿ; ಇದರಲ್ಲಿ ಕೊಬ್ಬು ನೂರಕ್ಕೆ ೨೬ಕ್ಕೆ ಕಡಮೆಯಿರಬಾರದೆಂದು ನಮ್ಮ ದೇಶದ ಆಹಾರ ನಿಯಮವಿದೆ. ಎರಡನೆಯದು ಕೆನೆ ತೆಗೆದ ಹಾಲಿನ ಪುಡಿ. ಇದರಲ್ಲಿ ಕೊಬ್ಬು ಒಂದೂವರೆ ಪಾಲನ್ನು ಮೀರುವಂತಿಲ್ಲ. ಮೂರನೆಯದು ಕಾಫಿ ಚಹಕ್ಕೆಂದು ಮಾರುವ ಡೈರಿ ವೈಟ್ನರ್. ಇದರಲ್ಲಿ ಸಾಮಾನ್ಯವಾಗಿ ಸಕ್ಕರೆ ಸೇರಿರುತ್ತದೆ. ಇದರಿಂದ ಮೊಸರನ್ನವನ್ನೋ ಉಪ್ಪಿನ ಗಂಜಿಯನ್ನೋ ಮಾಡಹೊರಟವರ ಪಾಡು ಹೇಳಬೇಕಾದುದಿಲ್ಲ. ಆದುದರಿಂದ ಪೊಟ್ಟಣದ ಬಣ್ಣವನ್ನು ನೋಡದೆ ಅದರ ಹಿಂಬದಿಯ ಸಣ್ಣಕ್ಷರಗಳನ್ನು ಓದಿ ಕೊಳ್ಳಿ.

ಬೆಟ್ಟ ಹತ್ತುವವರಿಗೆ ಕೆನೆಭರಿತ ಪುಡಿಯೇ ಸರಿ. ನೂರು ಗ್ರಾಂ ಪುಡಿಯಲ್ಲಿ ಸುಮಾರು ೫೦೦ ಕ್ಯಾಲೊರಿ ಶಕ್ತಿಯೂ, ೨೫ ಗ್ರಾಂ ಸಸಾರಜನಕವೂ ಇರುತ್ತವೆ. ಕೆನೆ ತೆಗೆದ ಪುಡಿಯಲ್ಲಿ ಶಕ್ತಿ ೩೬೦ರ ಆಸುಪಾಸು. ಹೊರುವ ತೂಕ ಒಂದೇ ಆದಾಗ ಹೆಚ್ಚು ಬಲ ಕೊಡುವುದನ್ನೇ ಹೊರುವುದು ಲೇಸಲ್ಲವೆ?

ಎಷ್ಟು ಪುಡಿಗೆ ಎಷ್ಟು ನೀರು ಎಂಬ ಲೆಕ್ಕ ನಮ್ಮ ಸರ್ಕಾರಿ ಶಾಲೆಗಳ ಅಡಿಗೆಯವರಿಗೆ ಕಂಠಪಾಠವಾಗಿದೆ. ೨೦೧೩ರ ಆಗಸ್ಟ್ ೧ರಂದು ಕರ್ನಾಟಕದಲ್ಲಿ ಕ್ಷೀರಭಾಗ್ಯ ಯೋಜನೆ ಆರಂಭವಾದಾಗ ಮಗುವೊಂದಕ್ಕೆ ೧೮ ಗ್ರಾಂ ಕೆನೆಭರಿತ ಪುಡಿಯಿಂದ ೧೫೦ ಮಿಲಿಲೀಟರ್ ಹಾಲೆಂದು ನಿಗದಿಯಾಯಿತು. ಮನೆಯಲ್ಲಿ ಒಮ್ಮೆ ತಕ್ಕಡಿಯಲ್ಲಿ ೧೮ ಗ್ರಾಂ ತೂಗಿ, ಅದು ನಿಮ್ಮ ಚಮಚದಲ್ಲಿ ಎಷ್ಟಾಗುವುದೆಂದು ಗುರುತಿಟ್ಟುಕೊಂಡರೆ, ಬೆಟ್ಟದ ಮೇಲೆ ತಕ್ಕಡಿ ಬೇಕಾಗದು. ಲೀಟರಿನ ಲೆಕ್ಕಕ್ಕೆ ೧೨೦ರಿಂದ ೧೩೦ ಗ್ರಾಂ ಎಂದು ನೆನಪಿಟ್ಟರೆ ಸಾಕು.

ಕಲಸುವುದರಲ್ಲಿಯೂ ಒಂದು ಹದವಿದೆ. ಪುಡಿಯ ಕಣಗಳ ಮೈಗೆ ಕೊಬ್ಬು ಅಂಟಿಕೊಂಡಿರುವುದರಿಂದ ತಣ್ಣೀರಿನಲ್ಲಿ ಅವು ಬೇಗ ನೆನೆಯುವುದಿಲ್ಲ, ಮೇಲೆ ತೇಲುತ್ತವೆ. ಕುದಿನೀರಿಗೆ ಒಮ್ಮೆಲೇ ಸುರಿದರೆ ಕಣಗಳ ಹೊರಮೈ ಅಂಟಾಗಿ, ಒಳಗೆ ಒಣಪುಡಿಯನ್ನು ಇಟ್ಟುಕೊಂಡ ಗಂಟುಗಳಾಗುತ್ತವೆ. ಆದುದರಿಂದ ಲೋಟಕ್ಕೆ ಮೊದಲು ಪುಡಿಯನ್ನು ಹಾಕಿ. ಕಾಯಿಸಿ ಆರಿಸಿದ, ಕೈಗೆ ಸುಖವೆನಿಸುವಷ್ಟು ಬೆಚ್ಚಗಿನ ನೀರನ್ನು ಎರಡು ಚಮಚ ಬಿಟ್ಟು, ದೋಸೆಯ ಹಿಟ್ಟಿನಂತೆ ನುಣ್ಣಗೆ ಕಲಸಿ. ಆಮೇಲೆ ಉಳಿದ ನೀರನ್ನು ತೆಳ್ಳಗೆ ಸುರಿಯುತ್ತ ಬೆರೆಸಿ.

ಇಷ್ಟೆಲ್ಲ ಬಲ್ಲವನೆಂಬ ಹಮ್ಮಿನಲ್ಲಿಯೇ ನಾನು ಒಮ್ಮೆ ತಪ್ಪು ಮಾಡಿದೆ. ಅದನ್ನು ಮುಚ್ಚಿಟ್ಟು ನಿಮಗೆ ಉಪದೇಶ ಮಾಡುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ ಮಕ್ಕಳೊಡನೆ ಕೊಡಚಾದ್ರಿಗೆ ಹೋಗಿದ್ದೆವು. ಸಮುದ್ರಮಟ್ಟದಿಂದ ೧೩೪೩ ಮೀಟರ್ ಎತ್ತರದ ಬೆಟ್ಟವದು. ಬೆಳಗ್ಗೆ ತಪ್ಪಲಲ್ಲಿ ತಿಂಡಿಯ ಹೊತ್ತಿಗೆ ಹಾಲು ಕಲಸಿದೆವು. ಒಂದು ಡಬ್ಬಿಯಷ್ಟು ಉಳಿಯಿತು. ಚೆಲ್ಲುವುದೇಕೆಂದು ಬಾಯಿ ಬಿಗಿದು ಚೀಲಕ್ಕೆ ಸೇರಿಸಿದೆ. ಏರು ಹತ್ತಿ, ಬಿಸಿಲು ಕಂಡು, ನಡುಹಗಲು ಕಳೆದ ಮೇಲೆ ದಣಿದ ಹುಡುಗನೊಬ್ಬನಿಗೆ ಆ ಹಾಲನ್ನು ಕೊಟ್ಟೆ. ಇಳಿಯುವ ದಾರಿಯಲ್ಲಿ ಅವನಿಗೆ ವಾಂತಿ, ಭೇದಿ. ಕಾಲುದಾರಿಯಲ್ಲಿ ಅವನನ್ನು ಹೊತ್ತು ಇಳಿಸುವಷ್ಟರಲ್ಲಿ ಕತ್ತಲಾಗಿತ್ತು. ಸಕ್ಕರೆ ಉಪ್ಪಿನ ನೀರೂ ವೈದ್ಯರ ಆರೈಕೆಯೂ ಅವನನ್ನು ಎರಡೇ ದಿನಗಳಲ್ಲಿ ಎಬ್ಬಿಸಿ ಕೂರಿಸಿದವು. ಅವನನ್ನು ನೋಡಲು ಹೋದಾಗ ಅವನು ಮೆಲ್ಲನೆ ಹೇಳಿದ: “ಸಾರ್, ಹಾಲು ಒಂದಿಷ್ಟು ಹುಳಿಯಾಗಿತ್ತು. ನೀವು ಕೊಟ್ಟಿರಲ್ಲ ಅಂತ ಕುಡಿದುಬಿಟ್ಟೆ.”

ಅವನ ತಾಯಿ ನನ್ನನ್ನು ಒಂದು ಮಾತೂ ಆಡಲಿಲ್ಲ. ಕಾಫಿ ತಂದುಕೊಟ್ಟರು. ಆ ಕಾಫಿ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ನನ್ನ ತಪ್ಪು ಯಾವುದೆಂದರೆ, ಪುಡಿಗೆ ಇರುವ ಗುಣವನ್ನು ಕಲಸಿದ ಹಾಲಿಗೂ ಆರೋಪಿಸಿದ್ದು. ಪುಡಿ ಕೆಡದಿರುವುದು ಅದರಲ್ಲಿ ನೀರಿಲ್ಲದುದರಿಂದ. ಅದರಲ್ಲಿ ಸೂಕ್ಷ್ಮಜೀವಿಗಳೇ ಇಲ್ಲವೆಂದಲ್ಲ. ಅವು ನೀರಿಲ್ಲದೆ ಸುಮ್ಮನೆ ಬಿದ್ದಿರುತ್ತವೆ. ನೀರು ಬೆರೆತ ಕ್ಷಣದಿಂದ ಅದು ಪುಡಿಯಲ್ಲ, ಹಾಲು. ಹಸಿ ಹಾಲಿನಂತೆಯೇ ಕೆಡುವ ಹಾಲು. ಅಂದಿನಿಂದ ನಾನು ನಾಲ್ಕು ನಿಯಮಗಳನ್ನು ಮೀರಿಲ್ಲ. ಒಂದು, ಕುಡಿಯುವಷ್ಟನ್ನೇ ಕುಡಿಯುವ ಹೊತ್ತಿಗೆ ಕಲಸುವುದು. ಎರಡು, ಕುದಿಸಿದ ನೀರನ್ನಲ್ಲದೆ ತೊರೆಯ ನೀರನ್ನು ಹಾಗೆಯೇ ಬಳಸದಿರುವುದು. ತೊರೆ ಎಷ್ಟೇ ತಿಳಿಯಾಗಿರಲಿ, ಅದರ ಮೇಲ್ಗಡೆ ಏನಿದೆಯೆಂದು ನಮಗೆ ಕಾಣದು. ಮೂರು, ಎರಡು ಗಂಟೆ ಮೀರಿದ್ದನ್ನು ಮರುಕವಿಲ್ಲದೆ ಚೆಲ್ಲುವುದು. ನಾಲ್ಕು, ‘ವಾಸನೆ ಬಂದರೆ, ಹುಳಿಯೆನಿಸಿದರೆ ಯಾರು ಕೊಟ್ಟರೂ ಕುಡಿಯಬೇಡಿ’ ಎಂದು ಮಕ್ಕಳಿಗೆ ಹೊರಡುವ ಮೊದಲೇ ಹೇಳುವುದು. ಹಾಲು ಒಗ್ಗದ ಮೈಯವರೂ ಇರುತ್ತಾರೆ. ಅವರಿಗೆ ಪುಡಿಯ ಹಾಲೂ ಒಗ್ಗದು. ಅವರನ್ನು ಬಲವಂತಪಡಿಸಬಾರದು. ಹಸುಗೂಸುಗಳಿಗಂತೂ ಈ ಪುಡಿ ಸಲ್ಲದು.

ಈಗ ಅಡಿಗೆಗೆ ಬರೋಣ. ನಮ್ಮ ಕಾಡುಗಳಲ್ಲಿ ಕಂಡಕಂಡಲ್ಲಿ ಒಲೆ ಹೂಡಲಾಗದು. ಒಂದು ಕಿಡಿಯಿಂದ ಬೆಟ್ಟದ ಹುಲ್ಲೆಲ್ಲ ಹೊತ್ತೀತು. ಆದುದರಿಂದ ಬೆಂಕಿ ಬೇಡದ ಬುತ್ತಿಯೇ ಮೊದಲು. ರಾಗಿಯ ಹುರಿಹಿಟ್ಟು ಇದಕ್ಕೆ ಹೇಳಿ ಮಾಡಿಸಿದ್ದು. ಅರಳಿಸಿ ಬೀಸಿದ ಹಿಟ್ಟಾದುದರಿಂದ ಮತ್ತೆ ಬೇಯಿಸಬೇಕಾಗಿಲ್ಲ. ಒಬ್ಬರಿಗೆ ೪೦ ಗ್ರಾಂ ಹುರಿಹಿಟ್ಟು, ೨೫ ಗ್ರಾಂ ಹಾಲಿನ ಪುಡಿ, ಚಿಟಿಕೆ ಏಲಕ್ಕಿ ಪುಡಿ ಬೆರೆಸಿ ಪೊಟ್ಟಣ ಕಟ್ಟಿ. ೨೦ ಗ್ರಾಂ ಬೆಲ್ಲವನ್ನು ಬೇರೆಯಾಗಿಯೇ ಇಡಿ. ಬೆಲ್ಲದ ತೇವ ಪುಡಿಯನ್ನು ಹೆಂಟೆಗಟ್ಟಿಸುತ್ತದೆ. ಮನೆಯಿಂದಲೇ ಫ್ಲಾಸ್ಕಿನಲ್ಲಿ ಒಯ್ದ ಬಿಸಿನೀರು ಒಂದು ಲೋಟ ಬೆರೆಸಿದರೆ, ೩೦೦ಕ್ಕೂ ಮೇಲ್ಪಟ್ಟ ಕ್ಯಾಲೊರಿಯ ಊಟ ಐದು ನಿಮಿಷದಲ್ಲಿ ಸಿದ್ಧ. ತೆಳು ಅವಲಕ್ಕಿ, ಹಾಲಿನ ಪುಡಿ, ಸಕ್ಕರೆ, ಒಣದ್ರಾಕ್ಷಿಗಳದೂ ಇದೇ ಕ್ರಮ.

ಒಲೆಗೆ ಅನುಮತಿಯಿರುವ ಶಿಬಿರದಲ್ಲಿ ಶ್ಯಾವಿಗೆ ಪಾಯಸ ಮಾಡಬಹುದು. ಹುರಿದ ಶ್ಯಾವಿಗೆಯನ್ನು ಮೊದಲು ನೀರಿನಲ್ಲಿಯೇ ಬೇಯಿಸಿ, ಕೊನೆಯಲ್ಲಿ ಕಲಸಿದ ಹಾಲನ್ನು ಗಟ್ಟಿಯಾಗಿ ಸೇರಿಸಿ ಒಂದು ಕುದಿ ಬರಿಸಿ. ಹೀಗೆ ಮಾಡಿದರೆ ತಳ ಹಿಡಿಯದು, ಉರುವಲೂ ಉಳಿಯುತ್ತದೆ. ಬೆಲ್ಲ ಹಾಕುವುದಾದರೆ ಪಾತ್ರೆಯನ್ನು ಇಳಿಸಿ ಸ್ವಲ್ಪ ಆರಿದ ಮೇಲೆ ಹಾಕಿ. ಕುದಿಯುವಾಗ ಹಾಕಿದರೆ ಹಾಲು ಒಡೆಯಬಹುದು. ಮೊಸರಿಲ್ಲದೆ ಊಟ ಮುಗಿಯದವರು ಸಂಜೆ ಲೀಟರಿಗೆ ೧೫೦ ಗ್ರಾಮಿನಂತೆ ಗಟ್ಟಿಯಾಗಿ ಕಲಸಿ, ಕಾಯಿಸಿ, ಉಗುರುಬೆಚ್ಚಗಾದಾಗ ಹೆಪ್ಪು ಹಾಕಿ ಕಂಬಳಿಯಲ್ಲಿ ಸುತ್ತಿಡಲಿ. ಬೆಟ್ಟದ ಚಳಿಯಲ್ಲಿ ಹೆಪ್ಪುಗಟ್ಟಲು ಊರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಎತ್ತರಕ್ಕೆ ಹೋದಂತೆ ನೀರು ಕಡಮೆ ಶಾಖದಲ್ಲೇ ಕುದಿಯುತ್ತದೆಂಬುದನ್ನೂ ನೆನಪಿಡಬೇಕು. ಸರಿಸುಮಾರು ೩೦೦ ಮೀಟರಿಗೆ ಒಂದು ಡಿಗ್ರಿಯಂತೆ ಇಳಿಯುತ್ತದೆ. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರದಲ್ಲಿ ಅದು ೯೪ ಡಿಗ್ರಿಯ ಆಸುಪಾಸು. ಹಿಮಾಲಯದಲ್ಲಿ ೪೦೦೦ ಮೀಟರ್ ಏರಿದವರಿಗೆ ೮೭ರ ಸುತ್ತಮುತ್ತ. ಅಲ್ಲಿ ಅಕ್ಕಿ ಬೇಯುವುದು ನಿಧಾನ, ಚಹದ ರಸವಿಳಿಯುವುದೂ ನಿಧಾನ. ಆದುದರಿಂದ ಚಹದ ಸೊಪ್ಪನ್ನು ಬರಿಯ ನೀರಿನಲ್ಲಿಯೇ ಚೆನ್ನಾಗಿ ಕುದಿಸಿ, ಇಳಿಸಿದ ಮೇಲೆ ಕಲಸಿದ ಹಾಲನ್ನು ಬೆರೆಸುವುದು ಒಳ್ಳೆಯದು.

ಕೊನೆಯದಾಗಿ ರಕ್ಷಣೆಯ ಮಾತು. ಕೆನೆಭರಿತ ಪುಡಿಯ ಗುಣವೇ ಅದರ ದೋಷವೂ ಆಗಿದೆ. ಅದರಲ್ಲಿರುವ ಕೊಬ್ಬು ಗಾಳಿ, ಬೆಳಕು, ಶಾಖಗಳಿಗೆ ಸಿಕ್ಕಿ ಕಮಟು ವಾಸನೆ ಹಿಡಿಯುತ್ತದೆ. ಕೆನೆ ತೆಗೆದ ಪುಡಿ ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಪೊಟ್ಟಣದ ದಿನಾಂಕ ನೋಡಿ; ಒಡೆದ ಮೇಲೆ ಗಾಳಿಯಾಡದ ಡಬ್ಬಿಗೆ ಸುರಿದು ತಂಪಾದ ಕತ್ತಲೆಯಲ್ಲಿಡಿ; ಒದ್ದೆ ಚಮಚವನ್ನು ಹಾಕಲೇಬೇಡಿ. ಚಾರಣಕ್ಕೆ ಒಂದೊಂದು ಹೊತ್ತಿನ ಪುಡಿಯನ್ನು ಬೇರೆ ಬೇರೆ ಪೊಟ್ಟಣ ಮಾಡಿಕೊಂಡರೆ ಅಳತೆಯೂ ತಪ್ಪದು, ಮಳೆ ಬಂದರೆ ಎಲ್ಲವೂ ಒಮ್ಮೆಗೇ ಹಾಳಾಗದು. ಖಾಲಿ ಪೊಟ್ಟಣಗಳು ನಿಮ್ಮೊಡನೆಯೇ ಊರಿಗೆ ಹಿಂದಿರುಗಲಿ.

ಆ ಹುಡುಗ ಈಗ ಕಾಲೇಜಿನಲ್ಲಿದ್ದಾನೆ. ಹೋದ ವರ್ಷ ನಮ್ಮ ಶಾಲೆಯ ಚಿಕ್ಕ ಮಕ್ಕಳ ಚಾರಣಕ್ಕೆ ತಾನಾಗಿಯೇ ನೆರವಿಗೆ ಬಂದ. ಮೇಲೇರಿ ಕುಳಿತಾಗ ಪೊಟ್ಟಣ ಬಿಚ್ಚಿ, ಫ್ಲಾಸ್ಕಿನ ನೀರು ಬೆರೆಸಿ, ಲೋಟವನ್ನು ಮೊದಲು ತಾನು ಮೂಸಿ ನೋಡಿ, ಒಂದು ಗುಟುಕು ಕುಡಿದು, ಆಮೇಲೆ ಬೇರೊಂದು ಲೋಟದಲ್ಲಿ ಕಲಸಿ ನನ್ನ ಕೈಗೆ ಕೊಟ್ಟ. “ಸರಿಯಾಗಿದೆ ಸಾರ್, ಕುಡಿಯಿರಿ” ಎಂದ. ನಾನು ಕಲಿಸಿದ ವ್ಯಾಕರಣವೆಷ್ಟು ಅವನಿಗೆ ನೆನಪಿದೆಯೋ ಕಾಣೆ. ಈ ಪಾಠವನ್ನಂತೂ ನಾವಿಬ್ಬರೂ ಮರೆತಿಲ್ಲ.